ತುಂಗೆಯ ಅಂಚಿನ ಪುಟ್ಟ ಹುಲಿ

ಶೃಂಗೇರಿಗೆ ಹೋದವರಲ್ಲಿ ತುಂಗೆಯ ಮೀನು ನೋಡದೆ ಬಂದವರು ಕಡಿಮೆ. ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ತೀರ್ಥಹಳ್ಳಿ ಸೀಮೆಯ ಚಿಪ್ಪಲಗುಡ್ಡೆಯಲ್ಲಿ ಮತ್ಸ್ಯಧಾಮವೇ ಇದೆ. ದೇವರ ಮೀನು ಅಂತ ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ತುಂಗೆಯ ದೊಡ್ಡ ಮೀನುಗಳಿಗೆ ಹೀಗೆ ಭಕ್ತರೂ ಇದ್ದಾರೆ, ಕಾವಲೂ ಇದೆ. ಅದೇ ನದಿಗೆ ಬಂದು ಸೇರುವ ಸಣ್ಣದೊಂದು ಹಳ್ಳದಲ್ಲಿ ಮೈಮೇಲೆ ಕಪ್ಪು ಪಟ್ಟೆ ಹೊತ್ತ ಇನ್ನೊಂದು ಮೀನು ಇತ್ತು. ಉದ್ದ ಬೆರಳಿನ ಒಂದು ಗೆಣ್ಣಿನಷ್ಟು. 2015ರ ತನಕ ವಿಜ್ಞಾನದ ಯಾವ ಪುಸ್ತಕದಲ್ಲೂ ಅದಕ್ಕೆ ಹೆಸರಿರಲಿಲ್ಲ. ಆ ವರ್ಷ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ರಾಲ್ಫ್ ಬ್ರಿಟ್ಜ್ ಮತ್ತು ಕೇರಳದ ಅನ್ವರ್ ಅಲಿ ‘ಝೂಟ್ಯಾಕ್ಸಾ’ ಪತ್ರಿಕೆಯಲ್ಲಿ ಅದನ್ನು ವಿವರಿಸಿ ಕನ್ನಡದ ಹೆಸರನ್ನೇ ಇಟ್ಟರು: ಡೇರಿಯೊ ಹುಲಿ.

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯೊಳಗೆ ಮೀನು ಸಾಕುವವರಿಗೆ ಈ ಕತೆ ಗೊತ್ತಿರಬೇಕು ಅನ್ನುವುದು ನನ್ನ ಬಹುಕಾಲದ ಆಸೆ. ನಮ್ಮಲ್ಲಿ ಬಹಳ ಮಂದಿ ಈ ಹವ್ಯಾಸಕ್ಕೆ ಬೀಳುವುದು ಫೈಟರ್ ಮೀನಿನಿಂದ. ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಲೋಟಗಳಲ್ಲಿ ಒಂದೊಂದೇ ಕೂತಿರುತ್ತದಲ್ಲ, ಉದ್ದ ಬಾಲದ ಕೆಂಪು ನೀಲಿ ಮೀನು, ಅದು ಥಾಯ್ಲೆಂಡಿನ ಕಡೆಯ ಬೆಟ್ಟಾ. ಸ್ವಲ್ಪ ಕೈ ಪಳಗಿದ ಮೇಲೆ ಕೆಲವರು ಅಂಗಡಿಯ ಫೈಟರ್ ಬಿಟ್ಟು ಕಾಡು ಬೆಟ್ಟಾಗಳ ಕಡೆ ಹೊರಳುತ್ತಾರೆ. ಇಂಬೆಲ್ಲಿಸ್, ಸ್ಮರಾಗ್ಡಿನಾ, ಕಾಕ್ಸಿನಾ: ಸಣ್ಣ ಮೈ, ಗಿಡ್ಡ ರೆಕ್ಕೆ, ಸಿಟ್ಟು ಬಂದಾಗ ಮಾತ್ರ ಏರುವ ಬಣ್ಣ. ನಾನೂ ಹಾಗೇ ಹೊರಳಿದವನು. ಕಾಡು ಬೆಟ್ಟಾದ ಒಂದು ಜೋಡಿಗಾಗಿ ಬ್ಯಾಂಕಾಕಿನ ಕಡೆ ಬಾಯಿ ಬಿಟ್ಟು ನೋಡುವ ನಮಗೆ, ಅವುಗಳ ದೂರದ ನೆಂಟ ಇಲ್ಲಿಂದ ಒಂದು ಹಗಲಿನ ದಾರಿಯಲ್ಲಿ, ಮಲೆನಾಡಿನ ಹಳ್ಳದಲ್ಲಿದೆ ಅನ್ನುವುದೇ ತಿಳಿದಿರುವುದಿಲ್ಲ. ಬೆಟ್ಟಾ, ಡೇರಿಯೊ, ನಮ್ಮ ಕೆರೆಗಳ ಕೊರವ, ಈ ಮೂರೂ ಅನಬಾಂಟಿಫಾರ್ಮಿಸ್ ಅನ್ನುವ ಒಂದೇ ಗಣಕ್ಕೆ ಸೇರಿದವು.

ಹುಲಿಯ ಕತೆ ತುಂಗೆಯಿಂದ ಶುರುವಾಗುವುದಿಲ್ಲ. ಅದಕ್ಕೆ ಎರಡು ಶತಮಾನ ಹಿಂದಕ್ಕೆ ಹೋಗಬೇಕು.

1799ರಲ್ಲಿ ಟಿಪ್ಪು ಬಿದ್ದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನಿದೆ ನೋಡಿ ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟಿಷ್ ವೈದ್ಯನನ್ನು ಕಳಿಸಿದ. ಫ್ರಾನ್ಸಿಸ್ ಬುಕನನ್. 1800ರಲ್ಲಿ ಮದ್ರಾಸಿನಿಂದ ಹೊರಟ ಬುಕನನ್ ಮೈಸೂರು, ಮಲಬಾರ್, ಕೆನರಾ ಸುತ್ತಿ, 1801ರಲ್ಲಿ ಘಟ್ಟ ಹತ್ತಿ ಸೋದೆ, ಇಕ್ಕೇರಿ, ನಗರ ಸೀಮೆಗಳನ್ನು ಹಾದು ಬಂದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸಕಥನ ಕರ್ನಾಟಕದ ಇತಿಹಾಸ ಬರೆಯುವ ಯಾರಿಗೂ ಬೇಕೇ ಬೇಕು. ಯಾವ ಊರಲ್ಲಿ ಎಷ್ಟು ಮಗ್ಗ, ಯಾವ ಗದ್ದೆಗೆ ಎಷ್ಟು ಕಂದಾಯ, ಅಡಿಕೆ ಹೇಗೆ ಬೇಯಿಸುತ್ತಾರೆ, ಎಲ್ಲ ಅದರಲ್ಲಿದೆ. ಮಲೆನಾಡಿನ ಹಳ್ಳಗಳನ್ನು ದಾಟಿ ದಾಟಿ ನಡೆದ ಮನುಷ್ಯ ಅವನು. ಆ ಹಳ್ಳಗಳ ಅಂಚಿನ ಹುಲ್ಲಿನೊಳಗೆ ಕೈ ಹಾಕುವ ಕೆಲಸ ಅವನಿಗೆ ಒಪ್ಪಿಸಿದ್ದರಲ್ಲಿ ಇರಲಿಲ್ಲ.

ಮುಂದೆ ಅದೇ ಬುಕನನ್ ಬಂಗಾಳದ ಸರ್ವೇಗೆ ಹೋದ. ಅಲ್ಲಿಯ ಮೀನುಗಳನ್ನೂ ಬರೆದಿಟ್ಟ. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಹ್ಯಾಮಿಲ್ಟನ್ ಅನ್ನುವ ಮನೆತನದ ಹೆಸರೂ ಬಂತು. ಆ ಹೆಸರಿನಲ್ಲೇ 1822ರಲ್ಲಿ ಗಂಗಾ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ ಪುಸ್ತಕ ಹೊರಬಂತು. ಇನ್ನೂರೈವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ವಿವರ, 39 ಚಿತ್ರಫಲಕ. ಭಾರತದ ಸಿಹಿನೀರಿನ ಮೀನಿನ ಅಧ್ಯಯನಕ್ಕೆ ಅದೇ ತಳಪಾಯ. ಅದರಲ್ಲಿ ಎರಡು ಪುಟಾಣಿ ಮೀನುಗಳಿದ್ದವು. ಒಂದಕ್ಕೆ ಲ್ಯಾಬ್ರಸ್ ಬ್ಯಾಡಿಸ್ ಅಂತಲೂ ಇನ್ನೊಂದಕ್ಕೆ ಲ್ಯಾಬ್ರಸ್ ಡೇರಿಯೊ ಅಂತಲೂ ಹ್ಯಾಮಿಲ್ಟನ್ ಹೆಸರಿಟ್ಟ. ತುಂಗೆಯ ಸೀಮೆಯಲ್ಲಿ ಓಡಾಡಿದವನೇ ಆ ವಂಶದ ಮೊದಲ ಮೀನಿಗೆ ಹೆಸರು ಕೊಟ್ಟ, ಅದೂ ಬಂಗಾಳದ ಕಡೆಯ ಮೀನು ನೋಡಿ. ಇಲ್ಲಿಯದಕ್ಕೆ ಹೆಸರು ಸಿಗಲು ಆ ಪುಸ್ತಕದ ನಂತರ ಇನ್ನೂ 193 ವರ್ಷ ಬೇಕಾಯಿತು.

ಯಾಕೆ ಅಷ್ಟು ತಡ? ನಡುವೆ ದಕ್ಷಿಣದಲ್ಲಿ ಜೆರ್ಡನ್ ಅನ್ನುವ ನಿಸರ್ಗತಜ್ಞ ಮೀನು ಹುಡುಕಿದ. ಮದ್ರಾಸಿನ ವೈದ್ಯ ಫ್ರಾನ್ಸಿಸ್ ಡೇ ಇಡೀ ದೇಶ ಸುತ್ತಿ 1875ರಿಂದ 1878ರ ನಡುವೆ ‘ದಿ ಫಿಶಸ್ ಆಫ್ ಇಂಡಿಯಾ’ ಹೊರತಂದ. ಅವರ ಶ್ರಮಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಆ ಕಾಲದ ಸಂಗ್ರಹದ ದಾರಿ ಹೆಚ್ಚಾಗಿ ಮೀನುಗಾರರ ಬಲೆ ಮತ್ತು ಸಂತೆಯ ಬುಟ್ಟಿಯ ಮೂಲಕವೇ ಹಾದುಹೋಗುತ್ತಿತ್ತು. ಸಾರಿಗೆ ಬಾರದ ಮೀನು ಸಂತೆಗೆ ಬರುವುದಿಲ್ಲ, ಬಲೆಯ ಕಣ್ಣಿನಲ್ಲೂ ನಿಲ್ಲುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಹತ್ತುಮೀನಿಗೆ ಕೂಣಿ ಒಡ್ಡುವವರ ಕಣ್ಣಿಗೂ ಡೇರಿಯೊ ಕಸ ಕಡ್ಡಿಯ ಲೆಕ್ಕ. ಎಷ್ಟೋ ಸಲ ಕೂಣಿಯಿಂದ ಕೊಡವಿದ ಕೊಳೆತ ಎಲೆಯ ಜೊತೆ ಅದೂ ಹಳ್ಳಕ್ಕೆ ವಾಪಸ್ ಬಿದ್ದಿರಬೇಕು.

ಈ ಕತೆ ಮತ್ತೆ ಚುರುಕಾದದ್ದು ಮನೆಯ ಗಾಜಿನ ಟ್ಯಾಂಕಿನಿಂದ, ಅದೂ ಯುರೋಪಿನಲ್ಲಿ. 2000ದ ಆಸುಪಾಸಿನಲ್ಲಿ ಭಾರತದಿಂದ ಹೋದ ಅಲಂಕಾರಿಕ ಮೀನುಗಳ ನಡುವೆ ಎರಡೇ ಸೆಂಟಿಮೀಟರಿನ, ಕೆಂಡದ ಬಣ್ಣದ ಒಂದು ಮೀನು ಕಾಣಿಸಿಕೊಂಡಿತು. ವ್ಯಾಪಾರಿಗಳು ಅದನ್ನು ‘ಬ್ಯಾಡಿಸ್ ಬೆಂಗಾಲೆನ್ಸಿಸ್’ ಅಂತ ಮಾರುತ್ತಿದ್ದರು. ಅಂಥ ಹೆಸರು ಯಾವ ವಿಜ್ಞಾನಿಯೂ ಕೊಟ್ಟದ್ದಾಗಿರಲಿಲ್ಲ. ಸಾಕಿದವರು ಫೋಟೋ ತೆಗೆದರು, ನಡತೆ ಬರೆದರು, ಇದು ಯಾವುದು ಅಂತ ಕೇಳತೊಡಗಿದರು. ಸ್ಟಾಕ್‌ಹೋಮಿನ ಮ್ಯೂಸಿಯಂನ ಸ್ವೆನ್ ಕುಲ್ಲಾಂಡರ್ ಮತ್ತು ರಾಲ್ಫ್ ಬ್ರಿಟ್ಜ್ 2002ರಲ್ಲಿ ಬ್ಯಾಡಿಡೇ ಕುಟುಂಬವನ್ನೇ ಬುಡದಿಂದ ಕೆದಕಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಹತ್ತು ಹೊಸ ಪ್ರಭೇದ, ಒಂದು ಹೊಸ ಕುಲ. ಗುಹೆಯಂಥ ಸಂದಿಯಲ್ಲಿ ಮೊಟ್ಟೆಯಿಟ್ಟು ಕಾಯುವ ದೊಡ್ಡವು ಬ್ಯಾಡಿಸ್ ಆಗಿಯೇ ಉಳಿದವು. ಪುಟಾಣಿಗಳಿಗೆ, ಅಂದರೆ ಗಂಡಿನ ಬೆನ್ನಿನ ರೆಕ್ಕೆಯ ಮುಂಭಾಗ ಮತ್ತು ಹೊಟ್ಟೆಯ ರೆಕ್ಕೆ ನೀಳವಾಗಿ ಚಾಚಿಕೊಂಡವಕ್ಕೆ, ಡೇರಿಯೊ ಅನ್ನುವ ಬೇರೆ ಮನೆ ಸಿಕ್ಕಿತು. ಅಂಗಡಿಯ ಕೆಂಪು ಮೀನು ಹ್ಯಾಮಿಲ್ಟನ್‌ನ 1822ರ ಡೇರಿಯೊ ಅಂತ ಖಚಿತವಾಯಿತು.

ಆ ವ್ಯಾಪಾರದ ಒಂದು ಸಂಗತಿ ನನಗೆ ಈಗಲೂ ಬೇಸರ ತರುತ್ತದೆ. ಬಣ್ಣವಿದ್ದರಷ್ಟೇ ಬೆಲೆ ಅಂತ ರಫ್ತುದಾರರು ಗಂಡುಗಳನ್ನು ಮಾತ್ರ ಆರಿಸಿ ಕಳಿಸುತ್ತಿದ್ದರು. ಬೂದು ಬಣ್ಣದ, ಗಿಡ್ಡ ರೆಕ್ಕೆಯ ಹೆಣ್ಣು ಹಳ್ಳದ ದಡದಲ್ಲೇ ಉಳಿಯುತ್ತಿತ್ತು. ಕೊಂಡವರ ಟ್ಯಾಂಕಿನಲ್ಲಿ ಬರೀ ಗಂಡುಗಳು, ಮರಿ ಎಲ್ಲಿಂದ ಬರಬೇಕು? ಹೆಣ್ಣು ಯಾವುದು ಅಂತ ಗುರುತಿಸಲು ಕಲಿತ ಮೇಲಷ್ಟೇ ಮನೆಗಳಲ್ಲಿ ಈ ಮೀನಿನ ಸಂಸಾರ ಶುರುವಾದದ್ದು.

ಅಲ್ಲಿಯವರೆಗೆ ಡೇರಿಯೊ ಅಂದರೆ ಬ್ರಹ್ಮಪುತ್ರದ ಕಡೆಯ, ಬರ್ಮಾದ ಕಡೆಯ ಮೀನು. 2012ರಲ್ಲಿ ಬ್ರಿಟ್ಜ್, ಅನ್ವರ್ ಅಲಿ ಮತ್ತು ಸಿಬಿ ಫಿಲಿಪ್ ಸೇರಿ ದಕ್ಷಿಣ ಕರ್ನಾಟಕದಿಂದ ಒಂದು ಹೊಸ ಡೇರಿಯೊ ವಿವರಿಸಿದಾಗ ಮೀನು ಬಲ್ಲವರು ಕಣ್ಣರಳಿಸಿದರು. ಸಿಕ್ಕಿದ್ದು ಬಾರಾಪೊಳೆಯಲ್ಲಿ. ಕೊಡಗಿನ ಬ್ರಹ್ಮಗಿರಿಯ ಕಡೆಯಿಂದ ಇಳಿದು ಕೇರಳದ ವಳಪಟ್ಟಣಂ ನದಿಗೆ ಸೇರುವ, ಇವತ್ತು ರಾಫ್ಟಿಂಗ್‌ಗೆ ಹೆಸರಾದ ಹೊಳೆ ಅದು. ಬಾಲದ ಬುಡದಲ್ಲಿ ಎದ್ದು ಕಾಣುವ ಕಪ್ಪು ಮಚ್ಚೆ, ಕಣ್ಣಿನ ಕೆಳಗೆ ಅಡ್ಡಲಾಗಿ ಒಂದು ಗೆರೆ. ಇಟ್ಟ ಹೆಸರು ಡೇರಿಯೊ ಯೂರೋಪ್ಸ್. ಅದೇ ವರ್ಷ ಪಶ್ಚಿಮ ಘಟ್ಟ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪೇಪರಿನ ಮುಖಪುಟದಲ್ಲಿ ಘಟ್ಟದ ಕಾಡಿನ ಸುದ್ದಿ ಬಂದಾಗ ಈ ಮೀನಿಗೂ ಒಂದು ಸಾಲು ಸಿಗಬೇಕಿತ್ತು ಅಂತ ನನಗೆ ಅನಿಸುತ್ತದೆ.

ಮೂರು ವರ್ಷಕ್ಕೆ ತುಂಗೆಯ ಹುಲಿ. ಇನ್ನು ಮೂರು ವರ್ಷಕ್ಕೆ, 2018ರಲ್ಲಿ, ವಯನಾಡಿನಿಂದ ನೀಲಿ ಹೊಳಪಿನ ಡೇರಿಯೊ ನೀಲಾ. ಆರೇ ವರ್ಷದಲ್ಲಿ ಘಟ್ಟದ ಮೂರು ಕಡೆ ಮೂರು ಪ್ರಭೇದ. ಒಂದು ಪಡುವಣ ಕಡಲಿಗೆ ಹರಿಯುವ ಹೊಳೆಯದು, ಒಂದು ಕೃಷ್ಣಾ ಕಣಿವೆಯದು. ಇಂಥ ಮೀನು ಹಿಡಿಯಲು ದೋಣಿ ಬೇಡ, ಬೀಸುಬಲೆ ಬೇಡ. ಹಳ್ಳದ ಅಂಚಿನಲ್ಲಿ ನೀರಿಗೆ ಇಳಿಬಿದ್ದ ಹುಲ್ಲಿನ ಕೆಳಗೆ, ನೀರು ಹೆಚ್ಚು ಓಡದ ಕಡೆ, ಸಣ್ಣ ಕಣ್ಣಿನ ಕೈಬಲೆ ತಳ್ಳಿ ಮೇಲಕ್ಕೆತ್ತಬೇಕು. ಬಂದ ಎಲೆ, ಕೆಸರು, ಸಿಗಡಿ, ಕೊಡತಿ ಹುಳಗಳ ನಡುವೆ ತಾಳ್ಮೆಯಿಂದ ಹುಡುಕಬೇಕು. ಆಮೇಲಿನ ಕೆಲಸ ಸೂಕ್ಷ್ಮದರ್ಶಕದ್ದು: ರೆಕ್ಕೆಯ ಮುಳ್ಳು ಎಷ್ಟು, ಬೆನ್ನೆಲುಬಿನ ತುಂಡು ಎಷ್ಟು, ಹುರುಪೆಯ ಸಾಲು ಎಷ್ಟು. ಸಂರಕ್ಷಣೆಯ ದ್ರವಕ್ಕೆ ಬಿದ್ದ ಮೀನಿನ ಕೆಂಪು, ನೀಲಿ ಎಲ್ಲ ಕರಗಿ ಹೋಗುತ್ತವೆ, ಕಪ್ಪು ಗುರುತು ಮಾತ್ರ ನಿಲ್ಲುತ್ತದೆ. ಅದಕ್ಕೇ ಜೀವಂತ ಮೀನಿನ ಚಿತ್ರಕ್ಕೆ ಇಂದಿನ ವಿವರಣೆಗಳಲ್ಲಿ ಅಷ್ಟು ಬೆಲೆ.

ಅಸ್ಸಾಮಿನ ಮೀನಿನ ದಾಯಾದಿ ಘಟ್ಟಕ್ಕೆ ಹೇಗೆ ಬಂತು ಅನ್ನುವುದು ಹಳೆಯ ಪ್ರಶ್ನೆಯ ಹೊಸ ರೂಪ. ಝೂಲಾಜಿಕಲ್ ಸರ್ವೇ ಆಫ್ ಇಂಡಿಯಾದ ಮುಖ್ಯಸ್ಥರಾಗಿದ್ದ ಸುಂದರ್‌ಲಾಲ್ ಹೋರಾ ಇದಕ್ಕೆ 1940ರ ದಶಕದಲ್ಲಿ ಒಂದು ಉತ್ತರ ಕೊಟ್ಟಿದ್ದರು. ಹಿಮಾಲಯದ ಪೂರ್ವದ ತುದಿಯ ಮೀನುಗಳು ವಿಂಧ್ಯ-ಸಾತ್ಪುರ ಬೆಟ್ಟಸಾಲಿನ ಗುಂಟ ಪಡುವಣಕ್ಕೆ ಸರಿದು ಘಟ್ಟ ಸೇರಿದವು ಅನ್ನುವುದು ಅವರ ವಾದ. ಬಂಡೆಗೆ ಅಂಟಿ ಹರಿವನ್ನು ತಡೆಯುವ ಬೆಟ್ಟದ ತೊರೆಗಳ ಮೀನುಗಳನ್ನು ಕಂಡು ಹುಟ್ಟಿದ ಯೋಚನೆ ಅದು. ಡೇರಿಯೊ ಅಂಥದ್ದಲ್ಲ. ನಿಧಾನದ ನೀರಲ್ಲಿ, ಹುಲ್ಲಿನ ಮರೆಯಲ್ಲಿ ಬದುಕುವ, ದೂರ ಈಜದ ಮೀನು. ಹೋರಾ ಅವರ ಸಿದ್ಧಾಂತದ ಮೇಲೆ ಆಮೇಲೆ ಬಹಳ ಚರ್ಚೆ ನಡೆದಿದೆ, ಒಪ್ಪದವರೂ ಇದ್ದಾರೆ. ನನಗೆ ಕಾಣುವಂತೆ, ಮನುಷ್ಯ ಕೊರೆಸಿದ ಕಾಲುವೆ, ಅಣೆಕಟ್ಟು ಯಾವುದೂ ಇಲ್ಲದ ಕಾಲದಲ್ಲಿ ನೀರಿಗೂ ನೀರಿಗೂ ನಂಟು ಹೇಗೆ ಬೆಳೆಯಿತು ಅನ್ನುವುದಕ್ಕೆ ಇಂಥ ಪುಟ್ಟ ಮೀನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದು ಒಣನೆಲದ ಮೇಲೆ ನಡೆದಿಲ್ಲ, ಹಕ್ಕಿಯ ಹಾಗೆ ಹಾರಿಲ್ಲ. ಧಾರವಾಡದವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ನಮ್ಮದು ನೀರು ಇಬ್ಭಾಗವಾಗುವ ದಿಬ್ಬ. ಊರಲ್ಲೇ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಮೂಡಣಕ್ಕೆ ಬಿದ್ದ ಮಳೆ ಮಲಪ್ರಭೆ, ಕೃಷ್ಣೆಯ ಗುಂಟ ಬಂಗಾಳ ಕೊಲ್ಲಿಗೆ.

ಹೆಸರಿಡುವುದರ ಜೊತೆಗೆ ಆವಿಷ್ಕಾರ ಮುಗಿಯುತ್ತದೆ ಅಂತ ನಾನು ನಂಬುವುದಿಲ್ಲ. ಮೀನು ಹೇಗೆ ಬದುಕುತ್ತದೆ ಅನ್ನುವುದು ಬಹಳ ಸಲ ತಿಳಿದದ್ದು ಸಾಕಿದವರ ಮನೆಯಲ್ಲಿ. ಬೆಟ್ಟಾಗಳ ಇತಿಹಾಸವೇ ಇದಕ್ಕೆ ಉದಾಹರಣೆ. ಈಸ್ಟ್ ಇಂಡಿಯಾ ಕಂಪನಿಯ ಡ್ಯಾನಿಶ್ ವೈದ್ಯ ಥಿಯೊಡೋರ್ ಕ್ಯಾಂಟರ್ ಸಯಾಮಿನ ಕಾಳಗದ ಮೀನಿನ ಬಗ್ಗೆ 1849ರಲ್ಲಿ ಬರೆದಾಗ ಅದನ್ನು ಪಗ್ನ್ಯಾಕ್ಸ್ ಅನ್ನುವ ಹೆಸರಿನಡಿ ಸೇರಿಸಿದ್ದ. ಅರವತ್ತು ವರ್ಷದ ಮೇಲೆ ಲಂಡನ್ನಿನ ಟೇಟ್ ರೀಗನ್ ಜಾಡಿಗಳನ್ನು ತೆರೆದು ನೋಡಿದರೆ, ಆ ಹೆಸರಿನ ನಿಜವಾದ ಒಡೆಯ ಪೆನಾಂಗ್ ಗುಡ್ಡದ ತೊರೆಗಳ ಬೇರೆಯೇ ಮೀನು. ಅದು ನೊರೆಗೂಡು ಕಟ್ಟುವುದೇ ಇಲ್ಲ, ಗಂಡು ಮೊಟ್ಟೆಗಳನ್ನು ಬಾಯೊಳಗೆ ಇಟ್ಟುಕೊಂಡು ಕಾಪಾಡುತ್ತದೆ. ಹಾಗಾಗಿ ಲಕ್ಷಾಂತರ ಜನ ಪಣ ಕಟ್ಟಿ ಕಾದಾಡಿಸಿದ ಮೀನಿಗೆ 1910ರ ತನಕ ಸ್ವಂತ ಹೆಸರೇ ಇರಲಿಲ್ಲ. ಬೆಟ್ಟಾ ಸ್ಪ್ಲೆಂಡೆನ್ಸ್ ಅನ್ನುವುದು ರೀಗನ್ ಕೊಟ್ಟದ್ದು.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬೆಟ್ಟಾದ ಉಪಕುಟುಂಬಕ್ಕೇ ಸೇರಿದ, ನೊರೆಗೂಡು ಕಟ್ಟುವ ಎರಡು ಮೀನುಗಳು ದಕ್ಷಿಣ ಭಾರತದಲ್ಲಿವೆ. ಸೂಡೋಸ್ಫ್ರೊಮೀನಸ್ ಅನ್ನುವುದು ಕುಲದ ಹೆಸರು. ಮೊದಲನೆಯದು ಕ್ಯುಪಾನಸ್, ಪುದುಚೇರಿ ಹತ್ತಿರದ ನದಿಯಿಂದ ಪ್ಯಾರಿಸ್ಸಿಗೆ ಹೋಗಿ 1831ರಲ್ಲಿ ಕ್ಯುವಿಯೇ ಕೈಯಲ್ಲಿ ಹೆಸರು ಪಡೆದದ್ದು. ಎರಡನೆಯದು ಕೇರಳದ ಕಡೆಯ ಡೇಯಿ, ಆ ಫ್ರಾನ್ಸಿಸ್ ಡೇ ಹೆಸರಿನದು. ಇದಕ್ಕೆ ಹೆಸರು ಸಿಕ್ಕಿದ್ದು ಯಾವ ಮ್ಯೂಸಿಯಂನ ವರದಿಯಲ್ಲೂ ಅಲ್ಲ, 1908ರಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳ ಪತ್ರಿಕೆಯಲ್ಲಿ. ಬರೆದವರು ಕೋಹ್ಲರ್, ವಿಷಯ ನೊರೆಗೂಡು. ಟ್ಯಾಂಕಿನ ಮುಂದೆ ಕೂತು, ಮೀನು ಗುಳ್ಳೆಯ ಮೇಲೆ ಗುಳ್ಳೆ ಪೋಣಿಸುವುದನ್ನು ನೋಡಿ ಬರೆದದ್ದು ಅದು. 1960ರ ದಶಕದಲ್ಲಿ ಅಮೆರಿಕದ ಜಾರ್ಜ್ ಬಾರ್ಲೊ ಇದೇ ರೀತಿ ಬ್ಯಾಡಿಸ್ ಮೀನನ್ನು ಟ್ಯಾಂಕಿನಲ್ಲಿಟ್ಟು, ಮೈಬಣ್ಣದ ಪ್ರತಿಯೊಂದು ಬದಲಾವಣೆಯೂ ಮೀನಿನ ಮನಸ್ಥಿತಿಯ ಯಾವ ಮಾತನ್ನು ಹೇಳುತ್ತದೆ ಅಂತ ಬಿಡಿಸಿ ಬರೆದರು.

ಹುಬ್ಬಳ್ಳಿ-ಧಾರವಾಡದಲ್ಲಿ ಕಾಡು ಬೆಟ್ಟಾ, ಡೇರಿಯೊಗಳನ್ನು ಸಾಕುವುದು ಕಷ್ಟವಲ್ಲ, ಆದರೆ ಅಂಗಡಿಯ ರೂಢಿ ಬಿಡಬೇಕು. ಮೊದಲು ಬೆಟ್ಟಾದ ಮಾತು. ಕಾಡು ಬೆಟ್ಟಾಗಳಲ್ಲಿ ಕಾಕ್ಸಿನಾದಂಥ ಸಣ್ಣ ಕೆಂಪು ಮೀನುಗಳು ಹುಟ್ಟಿದ್ದು ಜೌಗು ಕಾಡಿನ ಕಪ್ಪು ನೀರಿನಲ್ಲಿ, ಕೊಳೆತ ಎಲೆಯಿಂದ ಹುಳಿಯಾದ ನೀರು ಅದು. ನಮ್ಮ ನಳದ ನೀರು ಅದಲ್ಲ. ಮಳೆನೀರು ಹಿಡಿದಿಟ್ಟು ಬೆರೆಸುವವರಿದ್ದಾರೆ. ಇಂಬೆಲ್ಲಿಸ್‌ಗೆ ಅಷ್ಟೆಲ್ಲ ಬೇಡ, ಕ್ಲೋರಿನ್ ಹೋಗುವಂತೆ ಎತ್ತಿಟ್ಟ ನೀರು, ಅದಕ್ಕೆ ಒಣಗಿದ ಒಂದೆರಡು ಕಾಡುಬಾದಾಮಿ ಎಲೆ. ಧಾರವಾಡದ ಕಾಲೇಜು ಆವರಣಗಳಲ್ಲಿ, ಹಳೆಯ ಬಡಾವಣೆಗಳ ರಸ್ತೆಗಳಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ಕೆಂಪಾಗಿ ಉದುರುವ ಆ ಎಲೆಯನ್ನೇ ಹೊರದೇಶದ ಹವ್ಯಾಸಿಗಳು ದುಡ್ಡು ಕೊಟ್ಟು ತರಿಸುತ್ತಾರೆ. ಎರಡು ದಿನಕ್ಕೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೀನು ಅಡಗುವುದನ್ನು ಬಿಟ್ಟು ಮುಂದೆ ಬರುತ್ತದೆ.

ಇಂಬೆಲ್ಲಿಸ್ ಗಂಡು ಗೂಡು ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ತೇಲುವ ಎಲೆಯ ಅಡಿಯಲ್ಲಿ ಒಂದು ಮೂಲೆ ಆರಿಸಿಕೊಂಡು ಮೇಲಿನ ಗಾಳಿ ನುಂಗುತ್ತದೆ, ಬಾಯಿಯ ಲೋಳೆ ಸುತ್ತಿ ಗುಳ್ಳೆ ಉಗುಳುತ್ತದೆ. ಗೂಡು ಸಿದ್ಧವಾದ ಮೇಲೆ ಹೆಣ್ಣು ಮೈಮೇಲೆ ಅಡ್ಡಪಟ್ಟೆ ಮೂಡಿಸಿಕೊಂಡು ತಲೆ ತಗ್ಗಿಸಿ ಬರುತ್ತದೆ. ಗಂಡು ಮೈಯನ್ನು ಕೊಕ್ಕೆಯಾಗಿ ಬಗ್ಗಿಸಿ ಹೆಣ್ಣನ್ನು ಸುತ್ತಿಕೊಳ್ಳುತ್ತದೆ. ಕ್ಷಣಕಾಲ ಎರಡೂ ಮರಗಟ್ಟಿ ಕೆಳಗಿಳಿಯುತ್ತವೆ. ಬಿಳಿ ಮೊಟ್ಟೆಗಳು ಉದುರುವಾಗ ಗಂಡು ಮೊದಲು ಎಚ್ಚತ್ತು, ಒಂದೊಂದನ್ನೇ ಬಾಯಲ್ಲಿ ಹೆಕ್ಕಿ ಗುಳ್ಳೆಗಳ ನಡುವೆ ಅಂಟಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಎರಡು ದಿನದ ಆಸುಪಾಸಿನಲ್ಲಿ ಮರಿ ಒಡೆದು, ಬಾಲ ಕೆಳಗಾಗಿ ಗೂಡಿಗೆ ಜೋತುಬೀಳುತ್ತದೆ. ಜಾರಿದ್ದನ್ನೆಲ್ಲ ಅಪ್ಪನೇ ಹಿಡಿದು ತಂದು ಮತ್ತೆ ಅಂಟಿಸಬೇಕು, ಅಡ್ಡಡ್ಡ ಈಜಲು ಕಲಿಯುವ ತನಕ. ತಲೆಯೊಳಗೆ ಗಾಳಿ ಉಸಿರಾಡುವ ಲ್ಯಾಬಿರಿಂತ್ ಅಂಗ ಬೆಳೆಯಲು ಮರಿಗೆ ಕೆಲವು ವಾರ ಬೇಕು. ಆ ಹೊತ್ತಿನಲ್ಲಿ ನೀರಿನ ಮೇಲಿನ ಗಾಳಿ ತಣ್ಣಗಿದ್ದರೆ ಮರಿ ಉಳಿಯುವುದಿಲ್ಲ. ಧಾರವಾಡದ ಡಿಸೆಂಬರ್ ರಾತ್ರಿ ಅಂದರೆ ಗೊತ್ತಲ್ಲ. ಟ್ಯಾಂಕಿಗೆ ಗಾಜಿನ ಮುಚ್ಚಳ ಬಿಗಿಯಾಗಿರಬೇಕು, ಹೀಟರ್ ಇರಬೇಕು.

ಡೇರಿಯೊದ ಬದುಕು ಬೇರೆ. ಅದಕ್ಕೆ ಲ್ಯಾಬಿರಿಂತ್ ಇಲ್ಲ, ಲೋಟದಲ್ಲಿ ಇಟ್ಟರೆ ಸಾಯುತ್ತದೆ. ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್, ಒತ್ತಾಗಿ ಬೆಳೆದ ಜಾವಾ ಮಾಸ್, ತಳದಲ್ಲಿ ಒಣ ಎಲೆ. ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯಲ್ಲಿ ಸುಖವಾಗಿರುವುದರಿಂದ ನಮ್ಮ ಹವೆ ಇದಕ್ಕೆ ಹೇಳಿ ಮಾಡಿಸಿದ್ದು, ಏಪ್ರಿಲ್-ಮೇ ಒಂದು ಜಾಗ್ರತೆ. ಊಟದ್ದೇ ನಿಜವಾದ ಪರೀಕ್ಷೆ. ಡಬ್ಬಿಯ ಒಣ ಆಹಾರವನ್ನು ಡೇರಿಯೊ ಮೂಸಿ ಕೂಡ ನೋಡುವುದಿಲ್ಲ, ಅಲುಗಾಡುವುದೇ ಆಹಾರ. ಹಿತ್ತಲಲ್ಲಿ ಬಿಸಿಲಿಗಿಟ್ಟ ಹಸಿರು ನೀರಿನ ಟಬ್ಬಿನಲ್ಲಿ ಮೊಯಿನಾ ಅನ್ನುವ ನೀರುಚಿಗಟ ಬೆಳೆಸಬೇಕು, ಉಪ್ಪುನೀರಲ್ಲಿ ಆರ್ಟೀಮಿಯಾ ಅನ್ನುವ ಪುಟಾಣಿ ಸಿಗಡಿಯ ಮೊಟ್ಟೆ ಒಡೆಸಬೇಕು. ಇದಕ್ಕೆ ಬೇಸರಪಡುವವರು ಡೇರಿಯೊ ತರಲೇಬಾರದು, ಹಸಿದೇ ಸಾಯುತ್ತದೆ.

ಗಂಡು ಅಂಗೈ ಅಗಲದ ಜಾಗಕ್ಕೆ ಒಡೆಯ. ಇನ್ನೊಂದು ಗಂಡು ಗಡಿಗೆ ಬಂದರೆ ರೆಕ್ಕೆಗಳೆಲ್ಲ ಬಿರಿದು, ಪಟ್ಟೆ ಗಾಢವಾಗಿ, ಹೊಟ್ಟೆಯ ನೀಳ ರೆಕ್ಕೆ ಕತ್ತಿಯ ಹಾಗೆ ಇಳಿಯುತ್ತದೆ. ಹೆಣ್ಣು ಕಂಡಾಗ ಅದೇ ಮೀನು ನಡುಗುತ್ತ, ಅಡ್ಡಾದಿಡ್ಡಿ ಈಜುತ್ತ ಪಾಚಿಯೊಳಗೆ ದಾರಿ ತೋರುತ್ತದೆ. ಅಲ್ಲಿ ಬೆಟ್ಟಾದಂತೆಯೇ ಸುತ್ತಿಕೊಳ್ಳುವ ಅಪ್ಪುಗೆ, ಕ್ಷಣ ಮಾತ್ರದ್ದು. ಎರಡು ಕುಲಗಳ ನಂಟನ್ನು ಕಣ್ಣಾರೆ ಕಾಣಲು ಬೇರೆ ಪುರಾವೆ ಬೇಕಿಲ್ಲ. ಆದರೆ ಇಲ್ಲಿ ಗೂಡಿಲ್ಲ, ಅಪ್ಪನ ಆರೈಕೆಯಿಲ್ಲ. ಪಾಚಿಗೆ ಅಂಟಿದ ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತದೆ. ಹೊಟ್ಟೆಯ ಚೀಲ ಕರಗಿಸಿಕೊಂಡು ಈಜತೊಡಗಿದ ಮರಿಗೆ ಆರ್ಟೀಮಿಯಾ ಕೂಡ ದೊಡ್ಡದು. ಒಣ ಎಲೆ ಕೊಳೆಸಿ ಬೆಳೆಸಿದ ಪ್ಯಾರಮೀಸಿಯಂ ಮೊದಲ ಊಟ. ಹಳೆಯ, ಗಿಡ ತುಂಬಿದ, ಗಾಜು ಉಜ್ಜಿ ತೊಳೆಯದ ಟ್ಯಾಂಕುಗಳಲ್ಲಿ ಮರಿ ತಾನಾಗಿ ಉಳಿಯುತ್ತದೆ. ಫಳಫಳ ಹೊಳೆಯುವ ಟ್ಯಾಂಕಿನಲ್ಲಿ ಉಳಿಯುವುದಿಲ್ಲ.

ಇದನ್ನೆಲ್ಲ ಓದಿ ಯಾರಾದರೂ ಬಲೆ ಹಿಡಿದು ತುಂಗೆಯ ಕಡೆ ಹೊರಟರೆ ನನಗೆ ದುಃಖವಾಗುತ್ತದೆ. ಡೇರಿಯೊ ಹುಲಿ ವಿಜ್ಞಾನಕ್ಕೆ ಗೊತ್ತಾದದ್ದು ಒಂದು ಸಣ್ಣ ಹಳ್ಳದಿಂದ. ಅಂಥ ಹಳ್ಳದ ಒಂದು ದಡದ ಹುಲ್ಲು ಸವರಿದರೆ, ತೋಟದ ಕಳೆನಾಶಕ ಒಂದು ಮಳೆಗೆ ಕೊಚ್ಚಿ ಬಂದರೆ ಮೀನಿಗೆ ಹೋಗಲು ಇನ್ನೊಂದು ಮನೆಯಿಲ್ಲ. ಅದರ ಮೇಲೆ ಹವ್ಯಾಸಿಗಳೂ ಮುಗಿಬೀಳಬಾರದು. ಟ್ಯಾಂಕಿನಲ್ಲೇ ಹುಟ್ಟಿದ ಮರಿಗಳು ಒಬ್ಬರಿಂದ ಒಬ್ಬರಿಗೆ ದಾಟಿ ಬಂದಾಗ ತೆಗೆದುಕೊಳ್ಳಿ, ಅಲ್ಲಿಯವರೆಗೆ ಟ್ಯಾಂಕಿನಲ್ಲೇ ಹುಟ್ಟಿದ ಕಾಡು ಬೆಟ್ಟಾ ಸಾಕಿ ಕೈ ಕುದುರಿಸಿಕೊಳ್ಳಿ. ಬೇಡವಾದ ಮೀನನ್ನು ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಬಿಡುವುದನ್ನು ಪುಣ್ಯ ಅಂದುಕೊಂಡವರಿದ್ದಾರೆ. ಅದು ಅಪಾಯದ ಕೆಲಸ: ಥಾಯ್ಲೆಂಡಿನಲ್ಲಿ ಸಾಕಿದ ಫೈಟರ್‌ನ ಅಂಶ ಕಾಡು ಬೆಟ್ಟಾಗಳ ವಂಶದೊಳಗೆ ಬೆರೆತಿರುವುದು 2022ರ ಜೀನೋಮ್ ಅಧ್ಯಯನದಲ್ಲಿ ಕಂಡಿದೆ. ಒಮ್ಮೆ ಬೆರೆತದ್ದನ್ನು ಬೇರೆ ಮಾಡುವ ಉಪಾಯವಿಲ್ಲ.

ಕಾಡು ಬೆಟ್ಟಾ ಸಾಕುವವರಲ್ಲಿ ಒಂದು ಒಳ್ಳೆಯ ಶಿಸ್ತು ಇದೆ. ಮೀನಿನ ಹೆಸರಿನ ಜೊತೆ ಅದರ ಹಿರಿಯರು ಬಂದ ಊರಿನ ಹೆಸರನ್ನೂ ಟ್ಯಾಂಕಿನ ಮೇಲೆ ಬರೆದಿಡುತ್ತಾರೆ, ಒಂದು ಊರಿನದನ್ನು ಇನ್ನೊಂದರ ಜೊತೆ ಕೂಡಿಸುವುದಿಲ್ಲ. ಡೇರಿಯೊ ಸಾಕುವಾಗಲೂ ಅದೇ ಮಾಡಬೇಕು. ಬಾರಾಪೊಳೆಯದನ್ನೂ ತುಂಗೆಯದನ್ನೂ ಒಂದೇ ಟ್ಯಾಂಕಿಗೆ ಹಾಕಬಾರದು. ಮರಿ ಕೊಡುವಾಗ ಹೊಳೆಯ ಹೆಸರು, ಯಾರ ಟ್ಯಾಂಕಿನಲ್ಲಿ ಎಷ್ಟನೆಯ ತಲೆಮಾರು ಅನ್ನುವುದನ್ನು ಬರೆದೇ ಕೊಡಬೇಕು. ಹೆಣ್ಣು ಮೊಟ್ಟೆಯಿಟ್ಟ ದಿನ, ನೀರಿನ ಬಿಸಿ, ಮರಿಯ ಮೈಮೇಲೆ ಮೊದಲ ಪಟ್ಟೆ ಮೂಡಿದ ವಾರ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ತಪ್ಪದೆ ಗುರುತಿಸಿಟ್ಟರೆ, ಕೋಹ್ಲರ್ 1908ರಲ್ಲಿ ಮಾಡಿದ ಕೆಲಸವನ್ನೇ ಹುಬ್ಬಳ್ಳಿಯ ಒಂದು ಬಾಡಿಗೆ ಮನೆಯ ಪಡಸಾಲೆಯಲ್ಲಿ ಮಾಡಬಹುದು.